ಓದುವ ಮೇಜು ಇದೆ

ಆ ಶಾಲೆಯವರು ಮನೆ ನೋಡಲು ಬರುತ್ತಾರೆ ಎಂದು ಗೊತ್ತಾದ ದಿನವೇ ಅಮ್ಮ ಉಪ್ಪಿಟ್ಟಿಗೆ ರವೆ ಹುರಿದಿಟ್ಟಳು. ಬರುವುದಕ್ಕೆ ಇನ್ನೂ ಒಂಬತ್ತು ದಿನವಿತ್ತು. ಹೊರಗಿನವರು ಬಂದು ಮನೆ ನೋಡುವ, ಹುಡುಗಿಯನ್ನು ಕೂರಿಸಿ ಪ್ರಶ್ನೆ ಕೇಳುವ, ಆಮೇಲೆ ತಿಳಿಸುತ್ತೇವೆ ಎಂದು ಎದ್ದುಹೋಗುವ ಸಂದರ್ಭ ನಮ್ಮ ಮನೆಯವರಿಗೆ ಗೊತ್ತಿದ್ದದ್ದು ಒಂದೇ. ಅದಕ್ಕೆ ಏನೇನು ಮಾಡಬೇಕು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹಾಗಾಗಿ ಹನ್ನೆರಡು ವರ್ಷದ ನನ್ನನ್ನು ಎಂಟನೇ ತರಗತಿಗೆ ಆರಿಸಲು ಇಬ್ಬರು ಉಪಾಧ್ಯಾಯರು ಬರುತ್ತಿದ್ದಾರೆ ಎಂದಾಗ ಮನೆಯವರು ಉಪ್ಪಿಟ್ಟು, ಕೇಸರಿಬಾತು, ರೇಷ್ಮೆ ಲಂಗ ಮತ್ತು ಒಂದು ಮೊಳ ಮಲ್ಲಿಗೆಗೆ ಸಿದ್ಧರಾದರು. ನನಗೆ ನಗು ಬರಲಿಲ್ಲ. ಆ ವಯಸ್ಸಿಗೇ ನಾನು ಮನೆಯವರನ್ನು ಸ್ವಲ್ಪ ದೂರ ನಿಂತು ನೋಡುವ ಅಭ್ಯಾಸ ಮಾಡಿಕೊಂಡಿದ್ದೆ. ಅದು ಒಳ್ಳೆಯ ಅಭ್ಯಾಸವಲ್ಲ ಎಂದು ಈಗ ಅನಿಸುತ್ತದೆ, ಆದರೆ ಬಿಟ್ಟುಹೋಗಿಲ್ಲ.

ಆ ಶಾಲೆಯ ಹೆಸರು ಬರೆಯುವ ಅಗತ್ಯವಿಲ್ಲ. ಬೆಂಗಳೂರಿನ ಹಳೆಯ ಭಾಗದಲ್ಲಿ, ಮಹಾರಾಜರ ಕಾಲದಲ್ಲಿ ಕಟ್ಟಿಸಿದ ಕಲ್ಲಿನ ಕಟ್ಟಡ. ಹುಡುಗಿಯರ ಸರ್ಕಾರಿ ಹೈಸ್ಕೂಲು. ಸರ್ಕಾರಿ ಶಾಲೆ ಎಂದರೆ ಮೂಗು ಮುರಿಯುವ ಜನ ಕೂಡ ಅದರ ಹೆಸರು ಕೇಳಿದರೆ ಕೂತಲ್ಲೇ ನೆಟ್ಟಗಾಗುತ್ತಿದ್ದರು. ಅಲ್ಲಿಗೆ ಸೇರಲು ಪರೀಕ್ಷೆ ಬರೆಯಬೇಕಿತ್ತು. ಪರೀಕ್ಷೆಯಲ್ಲಿ ಪಾಸಾದ ಮೇಲೆ ಶಾಲೆಯವರು ಮನೆಗೆ ಬರುತ್ತಿದ್ದರು. ಈ ಪದ್ಧತಿ ಯಾವಾಗ, ಯಾರು ಶುರುಮಾಡಿದ್ದೋ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ; ಗೊತ್ತಿಲ್ಲದಿರುವುದನ್ನೇ ಅವರು ಪರಂಪರೆ ಎಂದು ಕರೆಯುತ್ತಿದ್ದರು. ಅಂಚೆಯಲ್ಲಿ ಬಂದ ಕಾಗದದಲ್ಲಿ, ವಿದ್ಯಾರ್ಥಿನಿಗೆ ಮನೆಯಲ್ಲಿ ಓದಲು ಪ್ರತ್ಯೇಕ ಸ್ಥಳವೂ ತಕ್ಕ ವಾತಾವರಣವೂ ಇದೆಯೇ ಎಂಬುದನ್ನು ಪರಿಶೀಲಿಸಲಾಗುವುದು ಎಂದಿತ್ತು. ಅಪ್ಪ ಅದನ್ನು ನನ್ನಿಂದ ಎರಡು ಸಲ ಓದಿಸಿ, ಹಾಲಿನ ಮಧ್ಯೆ ನಿಂತು ನಾಲ್ಕೂ ಗೋಡೆ ನೋಡಿದ.

ನಮ್ಮ ಹಾಲನ್ನು ವಿವರಿಸುವುದು ಸುಲಭ. ಚಿಕ್ಕಲಸಂದ್ರ ಹಳ್ಳಿಯಾಗಿದ್ದಾಗ ತಾತ ರಾಗಿ ಬಡಿಯುತ್ತಿದ್ದ ಕಣದ ಮೇಲೆ ಅಪ್ಪ ಮೂರು ಅಂತಸ್ತು ಎಬ್ಬಿಸಿದ್ದ. ಮೇಲಿನ ಎರಡರಲ್ಲಿ ಬಾಡಿಗೆಯವರು, ಕೆಳಗೆ ನಾವು. ಹಾಲು ಎಷ್ಟು ದೊಡ್ಡದೆಂದರೆ ಅದರಲ್ಲಿ ಮಾಡಲು ಯಾರಿಗೂ ಏನೂ ಇರಲಿಲ್ಲ. ಪ್ಲಾಸ್ಟಿಕ್ ಹೊದಿಕೆ ತೆಗೆಯದ ಸೋಫಾ, ಗೋಡೆ ತುಂಬುವ ಟೀವಿ, ಶೋಕೇಸಿನಲ್ಲಿ ಪಿಂಗಾಣಿಯ ಬಾತುಕೋಳಿಗಳು, ಅವುಗಳ ಮೇಲೆ ತಿಮ್ಮಪ್ಪನ ಫೋಟೋ. ಇಡೀ ಮನೆಯಲ್ಲಿ ಕೂತು ಓದಲು ಒಂದು ಜಾಗವಿರಲಿಲ್ಲ. ಅಡುಗೆಮನೆಯಲ್ಲಿ ಅಮ್ಮ ಮತ್ತು ಅಜ್ಜಿಯ ಜಗಳ, ಹಾಲಿನಲ್ಲಿ ಅಪ್ಪನನ್ನು ನೋಡಲು ಬಂದ ಸೈಟಿನ ಗಿರಾಕಿಗಳು. ಜಗಳ ಯಾವಾಗಲೂ ಹಸುಗಳ ವಿಷಯಕ್ಕೆ. ಅಜ್ಜಿ ಹಿತ್ತಲಿನ ಕೊಟ್ಟಿಗೆಯಲ್ಲಿ ಎರಡು ಹಸು ಉಳಿಸಿಕೊಂಡಿದ್ದಳು. ಸೆಗಣಿ ವಾಸನೆಗೆ ಬಾಡಿಗೆಯವರು ನಿಲ್ಲುವುದಿಲ್ಲ ಎಂದು ಅಮ್ಮ, ಹಸು ಇಲ್ಲದಿದ್ದರೆ ನಿನ್ನ ಗಂಡ ಏನು ಕುಡಿದು ಬೆಳೆಯುತ್ತಿದ್ದ ಎಂದು ಅಜ್ಜಿ. ನಾನು ಓದುತ್ತಿದ್ದದ್ದು ಹಿಂದಿನ ಮನೆಯಲ್ಲಿ.

ಹಿಂದಿನ ಮನೆ ಎಂದರೆ ಕೊಟ್ಟಿಗೆಗೆ ಅಂಟಿದ, ಶೀಟು ಹೊದಿಸಿದ ಒಂದು ಕೋಣೆ ಮತ್ತು ಒಂದು ಅಡುಗೆಯ ಮೂಲೆ. ವಾಸನೆಗೆ ಅಲ್ಲಿ ಯಾರೂ ನಿಲ್ಲುತ್ತಿರಲಿಲ್ಲವಾದ್ದರಿಂದ ಬಂದವರನ್ನು ಅಪ್ಪ ಏನೂ ಕೇಳದೆ ಸೇರಿಸಿಕೊಂಡಿದ್ದ. ಬಂದವರು ಮಂಗಳಮ್ಮ, ಆಕೆಯ ಗಂಡ ಮತ್ತು ನನ್ನದೇ ವಯಸ್ಸಿನ ಮಗಳು ಸುಜಾತ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಹೆಂಡತಿ ಬ್ಲೌಸ್ ಹೊಲಿಯುತ್ತಿದ್ದರು. ಅವರ ಗೋಡೆಯ ಮೇಲೆ ಬುದ್ಧನ ಚಿತ್ರ, ಪಕ್ಕದಲ್ಲಿ ನೀಲಿ ಕೋಟಿನ ಫೋಟೋ. ಹುಣ್ಣಿಮೆಯ ಸಂಜೆ ಮೂವರೂ ಬಿಳಿ ಬಟ್ಟೆ ಉಟ್ಟು ಅದರ ಮುಂದೆ ಮೇಣದ ಬತ್ತಿ ಹಚ್ಚುತ್ತಿದ್ದರು. ಮೊದಲ ಹುಣ್ಣಿಮೆಗೇ ಅಜ್ಜಿಗೆ ತಿಳಿಯಬೇಕಾದದ್ದು ತಿಳಿಯಿತು. ಅವಳು ಅಪ್ಪನಿಗೆ ಏನೂ ಹೇಳಲಿಲ್ಲ, ಬಾಡಿಗೆ ಬಾಡಿಗೆಯೇ. ಮಾರನೆಯ ದಿನದಿಂದ ಮಂಗಳಮ್ಮ ಹಾಲು ಕೊಳ್ಳಲು ಬಂದರೆ ಪಾತ್ರೆಯನ್ನು ಕೊಟ್ಟಿಗೆಯ ಮೋಟು ಗೋಡೆಯ ಮೇಲಿಟ್ಟು ಹಿಂದೆ ಸರಿಯಬೇಕಿತ್ತು. ಅಜ್ಜಿ ಮೇಲಿನಿಂದ ಸುರಿಯುತ್ತಿದ್ದಳು, ಸೇರು ಪಾತ್ರೆಗೆ ತಗಲದ ಹಾಗೆ. ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಈ ಕೌಶಲವನ್ನು ನಾನು ಬೇರೆಲ್ಲೂ ನೋಡಿಲ್ಲ. ಅದೇ ಮನೆಯಲ್ಲಿ ನಾನು ದಿನವೂ ಕೂತು ಓದುತ್ತಿದ್ದೆ, ಅವರ ಲೋಟದಲ್ಲಿ ನೀರು ಕುಡಿಯುತ್ತಿದ್ದೆ. ಅಜ್ಜಿಗೆ ಅದು ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಎರಡೂ ಕಡೆ ಸಲ್ಲಬಹುದು ಎಂಬುದನ್ನು ನಾನು ಶಾಲೆಗೆ ಸೇರುವ ಮೊದಲೇ ಕಲಿತಿದ್ದೆ.

ಆ ಕೋಣೆಯಲ್ಲಿ ಒಂದು ಮೇಜಿತ್ತು. ಡಿಪೋದಲ್ಲಿ ಹಳೆಯ ಬಸ್ಸುಗಳನ್ನು ಒಡೆದು ಹರಾಜು ಹಾಕಿದಾಗ ಸುಜಾತಳ ಅಪ್ಪ ಹಿಡಿದುಕೊಳ್ಳುವ ಕಂಬಿಗಳನ್ನು ಕೊಂಡು ತಂದು, ಕತ್ತರಿಸಿ, ಬೆಸುಗೆ ಹಾಕಿಸಿ, ಮೇಲೆ ಒಂದು ದಪ್ಪ ಹಲಗೆ ಕೂರಿಸಿದ್ದರು. ಕಾಲುಗಳಿಗೆ ಬಸ್ಸಿನ ಹಳದಿ ಬಣ್ಣ ಹಾಗೇ ಇತ್ತು. ಹಲಗೆಗೆ ಪಾಲಿಶ್ ಇರಲಿಲ್ಲ. ಬೇಸಿಗೆ ರಜೆಯಲ್ಲಿ ಮಾಡಿಸೋಣ ಎಂದು ಅವರು ಪ್ರತಿವರ್ಷ ಹೇಳುತ್ತಿದ್ದರು. ಅದರ ತುಂಬ ಶಾಯಿಯ ಕಲೆ, ಕೈವಾರ ಚುಚ್ಚಿದ ತೂತು, ಮೊಣಕೈ ಊರಿ ಊರಿ ನುಣುಪಾದ ಎರಡು ಜಾಗ. ಒಂದು ಸುಜಾತಳದು, ಇನ್ನೊಂದು ನನ್ನದು. ಪರೀಕ್ಷೆಗೆ ಇಬ್ಬರೂ ಅಲ್ಲೇ ಓದಿದೆವು. ಪಾಸಾದವರ ಪಟ್ಟಿಯಲ್ಲಿ ಇಬ್ಬರ ಹೆಸರೂ ಇತ್ತು. ಮನೆ ನೋಡುವ ಕಾಗದ ಇಬ್ಬರಿಗೂ ಬಂತು: ನಮ್ಮ ಮನೆಗೆ ಶನಿವಾರ ಮಧ್ಯಾಹ್ನ, ಅವರ ಮನೆಗೆ ಮುಂದಿನ ಗುರುವಾರ.

ಮೇಜು ಕೊಳ್ಳುವ ಶಕ್ತಿ ಅಪ್ಪನಿಗೆ ಇರಲಿಲ್ಲವೇ ಎಂದು ಓದುವವರು ಕೇಳಬಹುದು. ಇತ್ತು. ಅಮ್ಮ ಅದನ್ನೇ ಹೇಳಿದಳು.

"ಜಯನಗರಕ್ಕೆ ಹೋಗಿ ಒಂದ್ ಒಳ್ಳೆ ಟೇಬಲ್ ತಂದ್ಬಿಡ್ರಿ. ಗ್ಲಾಸ್ ಇರೋದು."

"ಬುದ್ಧಿ ಇದ್ಯಾ ನಿಂಗೆ?" ಅಪ್ಪ ಅಂದ. "ಹೊಸದು ತಂದ್ರೆ ನಿನ್ನೆ ತಂದಿದ್ದು ಅಂತ ಗೊತ್ತಾಗಲ್ವಾ? ಅವರೇನ್ ಕುರುಡ್ರಾ? ಓದಿ ಓದಿ ಸವೆದಿರೋದ್ ಬೇಕು ಕಣೇ. ಪಹಣಿ ಹಳೇದಿದ್ರೇನೇ ಜಮೀನಿಗೆ ಬೆಲೆ."

"ಅಂಥದ್ ಎಲ್ಲಿ ಸಿಗುತ್ತೆ?"

ಅಪ್ಪ ಹಿತ್ತಲಿನ ಕಡೆ ನೋಡಿದ. ಅವನು ಬದುಕಿನಲ್ಲಿ ಇದಕ್ಕಿಂತ ಚುರುಕಾಗಿ ಯೋಚಿಸಿದ್ದನ್ನು ನಾನು ಕಂಡಿಲ್ಲ.

ಶನಿವಾರ ಬೆಳಿಗ್ಗೆ ಅವನು ಹಿಂದಿನ ಮನೆಯ ಬಾಗಿಲಲ್ಲಿ ನಿಂತು ಕೇಳಿದ. ಒಳಗೆ ಹೋಗಲಿಲ್ಲ. ನಾನು ಅವನ ಹಿಂದೆ ಇದ್ದೆ.

"ಏನಮ್ಮ, ಒಂದ್ ಮಧ್ಯಾಹ್ನದ ಮಟ್ಟಿಗೆ ಆ ಟೇಬಲ್ ಕೊಡ್ತೀರಾ? ಪುಸ್ತಕಾನೂ ಒಂದಷ್ಟು. ಸಾಯಂಕಾಲ ವಾಪಸ್ ತಂದಿಡ್ತೀವಿ."

ಮಂಗಳಮ್ಮ ಕತ್ತರಿ ಕೆಳಗಿಟ್ಟರು. "ತಗೊಂಡ್ ಹೋಗಿ ಓನರ್ರೇ, ಅದಕ್ಕೇನು. ಗುರುವಾರ ನಮ್ಮನೆಗೂ ಬರ್ತಾರಂತೆ. ಅಷ್ಟರೊಳಗೆ ಸಿಕ್ಕಿದ್ರೆ ಸಾಕು."

"ಗುರುವಾರ ಯಾಕಮ್ಮ, ಇವತ್ತೇ ಕೊಡ್ತೀನಿ ಅಂದ್ನಲ್ಲ."

ಸುಜಾತ ತಾನೇ ಮೇಜಿನ ಒಂದು ಬದಿ ಹಿಡಿದಳು, ನಾನು ಇನ್ನೊಂದು. ಬಾಗಿಲು ದಾಟಿಸುವಾಗ ಅವಳು ನನ್ನ ಕಿವಿಯಲ್ಲಿ, "ನಿಮ್ಮಪ್ಪ ಸಖತ್ ಕಿಲಾಡಿ ಕಣೇ," ಎಂದು ನಕ್ಕಳು. ಅವಳಿಗೆ ಅದು ತಮಾಷೆಯಾಗಿ ಕಂಡಿತ್ತು.

ಮೇಜು ನಮ್ಮ ಹಿಂಬಾಗಿಲಿನ ತನಕ ಬಂದಾಗ ಅಜ್ಜಿ ತಡೆದಳು. ಸುಜಾತಳನ್ನು ಹೋಗಲು ಹೇಳಿದಳು. ಅವಳು ಹೋದ ಮೇಲೆ ಚೊಂಬಿನಲ್ಲಿ ನೀರು ತಂದು ಮೇಜಿನ ಮೇಲೆ ಆ ತುದಿಯಿಂದ ಈ ತುದಿಯವರೆಗೆ ಸುರಿದಳು. ಯಾಕೆ ಎಂದು ಕೇಳಿದೆ.

"ಧೂಳು," ಅಂದಳು.

ನೀರು ಹಳದಿಯಾಗಿತ್ತು. ಧೂಳಿಗೆ ಯಾರೂ ಅರಿಶಿನ ಬೆರೆಸುವುದಿಲ್ಲ. ಅಪ್ಪ ಅಲ್ಲೇ ನಿಂತು ಫೋನಿನಲ್ಲಿ ಯಾರದೋ ಸೈಟಿನ ಅಳತೆ ಹೇಳುತ್ತಿದ್ದ. ಅಮ್ಮ ರವೆಗೆ ಒಗ್ಗರಣೆ ಹಾಕುತ್ತಿದ್ದಳು. ಪಾಲಿಶಿಲ್ಲದ ಹಲಗೆ ನೀರನ್ನು ಕುಡಿಯಿತು. ಬಿಸಿಲಲ್ಲಿ ಒಣಗಿದ ಮೇಲೆ ನಡುವೆ ಒಂದು ದೊಡ್ಡ ಹಳದಿ ಕಲೆ ಉಳಿಯಿತು, ಅಂಚು ಮಾತ್ರ ಗಾಢವಾಗಿ. ಅಮ್ಮ ಅದರ ಮೇಲೆ ಕಸೂತಿಯ ಬಟ್ಟೆ ಹಾಸಿದಳು. ಸುಜಾತಳ ಪುಸ್ತಕಗಳನ್ನು ನಾನು ಜೋಡಿಸಿದೆ. ಪ್ರತಿಯೊಂದರ ಮೊದಲ ಪುಟದಲ್ಲೂ ಅವಳ ಹೆಸರಿತ್ತು. ನೋಟ್‌ಬುಕ್ಕಿಗೆ ಅಂಟಿಸುವ ಲೇಬಲ್ಲುಗಳ ಮೇಲೆ ನನ್ನ ಹೆಸರು ಬರೆದು, ಸಂಜೆ ಕೀಳಲು ಸುಲಭವಾಗಲಿ ಎಂದು ಅನ್ನದ ಅಗುಳಿನಿಂದ ಅವಳ ಹೆಸರಿನ ಮೇಲೆ ಅಂಟಿಸಿದೆ. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಮೂರು ಗಂಟೆಗೆ ಆಟೋದಲ್ಲಿ ಇಬ್ಬರು ಬಂದಿಳಿದರು. ಒಬ್ಬರು ಗಂಜಿ ಹಾಕಿದ ಹತ್ತಿಸೀರೆಯ ಹಿರಿಯ ಮೇಡಂ. ಇನ್ನೊಬ್ಬರು ಗಣಿತದ ಮೇಷ್ಟ್ರು, ಕಂಕುಳಲ್ಲಿ ಕೆಂಪು ರಟ್ಟಿನ ದಪ್ಪ ರಿಜಿಸ್ಟರು. ಅಮ್ಮ ಒಳಗಿನಿಂದ ನನ್ನ ಬೆನ್ನಿಗೆ ಕೈಯಿಟ್ಟು ತಳ್ಳಿದಳು. ರೇಷ್ಮೆ ಲಂಗ, ಮಲ್ಲಿಗೆ, ಕೈಯಲ್ಲಿ ತಟ್ಟೆ. ಹಿರಿಯ ಮೇಡಂ ನನ್ನನ್ನು ನೋಡಿದ ಕೂಡಲೇ ಏನು ನಡೆಯುತ್ತಿದೆ ಎಂದು ಅವರಿಗೆ ಅರ್ಥವಾಯಿತು. ಅವರ ತುಟಿಯ ಒಂದು ಬದಿ ಮಾತ್ರ ನಕ್ಕಿತು.

"ಇದೆಲ್ಲ ಯಾಕಮ್ಮ? ನಾವು ಏನೂ ತಗೊಳ್ಳೋ ಹಾಗಿಲ್ಲ, ರೂಲ್ಸ್ ಇದೆ."

"ಸ್ವಲ್ಪ ಬಾಯಿ ಸಿಹಿ ಮಾಡ್ಕೊಳಿ ಮೇಡಂ. ಮಗೂನೇ ಮಾಡಿದ್ದು," ಅಂದಳು ಅಮ್ಮ. ನನಗೆ ಗ್ಯಾಸ್ ಹಚ್ಚಲೂ ಬಿಡುತ್ತಿರಲಿಲ್ಲ.

ರೂಲ್ಸು ಕೇಸರಿಬಾತಿನ ಎರಡನೇ ಸುತ್ತಿನವರೆಗೆ ಬಾಳಲಿಲ್ಲ. ಮೇಷ್ಟ್ರು ಗೋಡಂಬಿಗಳನ್ನು ಕೊನೆಗೆಂದು ತಟ್ಟೆಯ ಅಂಚಿಗೆ ಸರಿಸಿಟ್ಟುಕೊಂಡು ತಿಂದರು. ಆಮೇಲೆ ಹಿರಿಯ ಮೇಡಂ ಎದ್ದು ಮೇಜಿನ ಹತ್ತಿರ ಹೋಗಿ, ಒಂದು ಬೆರಳಿನಿಂದ ಕಸೂತಿ ಬಟ್ಟೆಯನ್ನು ಎತ್ತಿದರು.

"ಮೇಷ್ಟ್ರೇ, ಇಲ್ಲಿ ನೋಡಿ. ಶಾಯಿ ನೋಡಿ. ಅಯ್ಯೋ, ಇದೇನು, ಅರಿಶಿನದ ಕಲೆ! ಓದ್ತಾ ಓದ್ತಾ ಊಟಾನೂ ಇಲ್ಲೇ ಮಾಡ್ತಾಳೆ ಅಂತ ಕಾಣುತ್ತೆ."

"ಹೌದು ಮೇಡಂ," ಅಪ್ಪ ಅಂದ. ಒಂದು ಕ್ಷಣವೂ ತಡಮಾಡಲಿಲ್ಲ. "ಕರೆದ್ರೂ ಏಳಲ್ಲ. ತಟ್ಟೆ ಇಲ್ಲಿಗೇ ತಂದ್ಕೊಡಬೇಕು."

"ಟೇಬಲ್ ಚೆನ್ನಾಗಿದೆ. ಎಲ್ಲಿ ಮಾಡಿಸಿದ್ರಿ? ಕಾಲು ಬಸ್ಸಿನ ಕಂಬಿ ಇದ್ದ ಹಾಗಿದೆ."

"ನಾನೇ ಮುಂದೆ ನಿಂತು ಮಾಡ್ಸಿದ್ದು ಮೇಡಂ. ಮಗಳಿಗೋಸ್ಕರ. ಗಟ್ಟಿ ಇರ್ಲಿ ಅಂತ."

ಮೇಷ್ಟ್ರು ಬರೆದುಕೊಂಡರು. ಈಗ ಏನು ಓದುತ್ತಿದ್ದೀಯ ಎಂದು ಮೇಡಂ ನನ್ನನ್ನು ಕೇಳಿದರು. ನಾನು ನಕ್ಷತ್ರಗಳ ಬಗೆಗಿನ ಪುಸ್ತಕ ತೋರಿಸಿ, ನಮಗೆ ಕಾಣುವ ಬೆಳಕು ಎಷ್ಟೋ ಹಿಂದೆ ಹೊರಟದ್ದು ಎಂದು ಹೇಳಿದೆ. ಅದನ್ನು ನಾನು ನಿಜವಾಗಿ ಓದಿದ್ದೆ. ಸುಳ್ಳುಗಳ ನಡುವೆ ನಿಂತ ಆ ಒಂದು ನಿಜ ನನಗೆ ತುಂಬ ಧೈರ್ಯ ಕೊಟ್ಟಿತು. ನನ್ನ ಯೋಗ್ಯತೆಯಿಂದಲೇ ಎಲ್ಲ ನಡೆಯುತ್ತಿದೆ ಎಂದು ಆ ಗಳಿಗೆಯಲ್ಲಿ ನಾನು ನಂಬಿದೆ.

ಹೊರಡುವ ಮುನ್ನ ಮೇಷ್ಟ್ರು ರಿಜಿಸ್ಟರಿನ ಹಾಳೆ ತಿರುಗಿಸಿ ನಿಂತರು.

"ಮೇಡಂ, ಇದೇ ಅಡ್ರೆಸ್ಸಲ್ಲಿ ಇನ್ನೊಂದು ಹುಡುಗಿ ಇದೆ. ಸುಜಾತ ಅಂತ. ಗುರುವಾರಕ್ಕೆ ಹಾಕಿದೀವಿ."

"ಹಿಂದಗಡೆ ಮನೆ ಅದು," ಅಂದ ಅಪ್ಪ. ಅವನ ದನಿ ಮೊದಲ ಬಾರಿಗೆ ಸಣ್ಣದಾಯಿತು.

"ಒಂದೇ ಕಾಂಪೌಂಡ್ ಅಲ್ವಾ? ಮತ್ತೆ ಗುರುವಾರ ಯಾರು ಇಷ್ಟು ದೂರ ಬರ್ತಾರೆ? ಇವತ್ತೇ ಮುಗಿಸಿಬಿಡೋಣ. ಮಗು, ದಾರಿ ತೋರಿಸಮ್ಮ."

ದಾರಿ ಎಂದರೆ ಇಪ್ಪತ್ತು ಹೆಜ್ಜೆ. ಕೊಟ್ಟಿಗೆ ದಾಟುವಾಗ ಮೇಡಂ ಸೆರಗನ್ನು ಮೂಗಿಗೆ ಹಿಡಿದರು. ಆ ಇಪ್ಪತ್ತು ಹೆಜ್ಜೆಯಲ್ಲಿ ನಾನು ಒಂದು ವಾಕ್ಯ ಹೇಳಬಹುದಿತ್ತು. ಭಯದಿಂದ ಹೇಳಲಿಲ್ಲ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನನಗೆ ಭಯವಿರಲಿಲ್ಲ. ಮೇಜು ಅವಳದೆಂದರೆ ಕಲೆಯೂ ಅವಳದಾಗುತ್ತದೆ, ಪುಸ್ತಕವೂ ಅವಳದಾಗುತ್ತದೆ, ಆಮೇಲೆ ನನ್ನ ಕೈಯಲ್ಲಿ ಪಿಂಗಾಣಿ ಬಾತುಕೋಳಿಗಳು ಉಳಿಯುತ್ತವೆ ಎಂದು ನಾನು ಸ್ಪಷ್ಟವಾಗಿ ಲೆಕ್ಕ ಹಾಕಿದ್ದೆ.

ಮಂಗಳಮ್ಮ ನೆಲದ ಮೇಲೆ ಬಟ್ಟೆ ಹರಡಿಕೊಂಡು ಕತ್ತರಿಸುತ್ತಿದ್ದರು. ಗಡಬಡಿಸಿ ಎದ್ದರು. ಸುಜಾತ ಹಳೆಯ ನೈಟಿಯಲ್ಲಿ, ತಲೆಗೆ ಎಣ್ಣೆ ಹಚ್ಚಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಕೆಂಪು ಗಾರೆಯ ನೆಲದಲ್ಲಿ ಮೇಜಿನ ಕಾಲುಗಳಿದ್ದ ಜಾಗದಲ್ಲಿ ನಾಲ್ಕು ದುಂಡನೆಯ ಬಿಳಿಚಿದ ಗುರುತು. ಹಿರಿಯ ಮೇಡಂ ಅದರಲ್ಲೊಂದರ ಮೇಲೆ ನಿಂತಿದ್ದರು.

"ಓದೋದು ಎಲ್ಲಿ ಕೂತ್ಕೊಂಡಮ್ಮ?"

ಸುಜಾತ ನನ್ನನ್ನು ನೋಡಿದಳು. ಆಮೇಲೆ ತನ್ನ ಅಮ್ಮನನ್ನು. ಮಂಗಳಮ್ಮ ತಲೆಯನ್ನು ಕಂಡೂ ಕಾಣದ ಹಾಗೆ ಅಡ್ಡ ಆಡಿಸಿದರು. ಅಪ್ಪ ಬಾಗಿಲ ಹೊರಗೆ ಬಂದು ನಿಂತಿದ್ದ.

"ನೆಲದ ಮೇಲೆ," ಅಂದಳು ಸುಜಾತ.

"ಪುಸ್ತಕಗಳು?"

"ಇದಾವೆ ಮಿಸ್."

"ಎಲ್ಲಿ?"

"ಓದೋಕೆ ಕೊಟ್ಟಿದೀವಿ ಮೇಡಂ, ಬೇರೆಯವರಿಗೆ," ಅಂದರು ಮಂಗಳಮ್ಮ.

ಮೇಡಂ ಮೇಷ್ಟ್ರ ಕಡೆ ತಿರುಗಿ, ಕೇಳಿಸುವ ಹಾಗೆಯೇ, "ಪರೀಕ್ಷೆ ಮುಗೀತಲ್ಲ, ಕೊಟ್ಟುಬಿಟ್ಟಿದಾರೆ," ಎಂದರು. ಗೋಡೆಯ ಮೇಲಿನ ಎರಡು ಚಿತ್ರಗಳನ್ನು ನೋಡಿದರು. ಅಲ್ಲಿ ಅವರು ಕೂರಲಿಲ್ಲ, ನೀರೂ ಕೇಳಲಿಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಅಪ್ಪನಿಗೆ, "ನಿಮ್ಮನೇಲಿ ಮಗಳ ಓದಿಗೆ ಒಂದು ಜಾಗ ಅಂತ ಮಾಡಿದೀರಲ್ಲ, ಅದೇ ದೊಡ್ಡದು," ಎಂದರು. ಅಪ್ಪ ಕೈ ಮುಗಿದ.

ಅಂತಿಮ ಪಟ್ಟಿಯನ್ನು ಶಾಲೆಯ ಗೇಟಿಗೆ ಅಂಟಿಸಿದರು. ನನ್ನ ಹೆಸರಿತ್ತು. ಸುಜಾತಳದು ಇರಲಿಲ್ಲ. ಅವಳು ಹತ್ತಿರದ ಹೈಸ್ಕೂಲಿಗೆ ಸೇರಿದಳು. ಆ ವರ್ಷ ಮುಗಿಯುವ ಮುಂಚೆ ಅವರು ಮನೆ ಖಾಲಿ ಮಾಡಿ ಸುಬ್ರಹ್ಮಣ್ಯಪುರದ ಕಡೆ ಹೋದರು. ಡಿಪೋ ಬದಲಾಯಿತು ಎಂದು ಮಂಗಳಮ್ಮ ಅಪ್ಪನಿಗೆ ಹೇಳಿದರಂತೆ. ಪಟ್ಟಿ ಬಂದ ವಾರವೇ ಅಮ್ಮ ನನ್ನ ಹೆಸರಿನಲ್ಲಿ ಅರ್ಚನೆ ಮಾಡಿಸಿ, ಬೀದಿಗೆಲ್ಲ ಲಾಡು ಹಂಚಿದಳು. ಹಿಂದಿನ ಮನೆಗೂ ಕಳಿಸಿದ್ದಳು. ಮಂಗಳಮ್ಮ ತಟ್ಟೆಯನ್ನು ಬರಿದಾಗಿ ಕೊಡಬಾರದೆಂದು ಅದರಲ್ಲಿ ಎರಡು ಬಾಳೆಹಣ್ಣಿಟ್ಟು ಕಳಿಸಿದರು. ಅಜ್ಜಿ ಆ ಹಣ್ಣುಗಳನ್ನು ಹಸುವಿಗೆ ಹಾಕಿದಳು.

ಶಾಲೆಯ ಬಗ್ಗೆ ಹೆಚ್ಚು ಹೇಳಲು ಇಲ್ಲ. ಬೆಳಗಿನ ಪ್ರಾರ್ಥನೆಯ ನಂತರ ಹಿರಿಯ ಮೇಡಂ ವೇದಿಕೆಯಿಂದ, "ನೀವು ಸೇರಿದವರಲ್ಲ, ಆರಿಸಿ ಬಂದವರು," ಎನ್ನುತ್ತಿದ್ದರು. ನಾವು ಕತ್ತು ಉದ್ದ ಮಾಡಿಕೊಂಡು ಕೇಳುತ್ತಿದ್ದೆವು. ಸಭಾಂಗಣದ ಗೋಡೆಯಲ್ಲಿ ಹಿಂದಿನ ಜಾಣೆಯರ ಹೆಸರು ಬರೆದ ಕರಿಯ ಹಲಗೆಗಳು. ಅವನ್ನು ವಾರಕ್ಕೊಮ್ಮೆ ಒರೆಸುತ್ತಿದ್ದರು. ಶೌಚಾಲಯದ ನಲ್ಲಿಯಲ್ಲಿ ಮೂರು ವರ್ಷ ನೀರು ಬರಲಿಲ್ಲ. ಅತಿಥಿಗಳು ಬಂದಾಗ ಮಾತ್ರ ಬೀಗ ತೆಗೆಯುವ ಇನ್ನೊಂದು ಶೌಚಾಲಯವಿತ್ತು. ಗ್ರಂಥಾಲಯದ ಗಾಜಿನ ಬೀರುಗಳಿಗೂ ಬೀಗ. ಪುಸ್ತಕಗಳ ಬೆನ್ನು ಓದಬಹುದಿತ್ತು. ಪಾಠಗಳು ಎಲ್ಲ ಕಡೆ ಇರುವಂಥವೇ. ಮೊದಲ ತಿಂಗಳು ವಿಜ್ಞಾನದ ಟೀಚರು ಅರಿಶಿನ ಸವರಿದ ಕಾಗದದ ಮೇಲೆ ಸಾಬೂನಿನ ನೀರು ಹನಿಸಿ, ಅದು ಕೆಂಪಾಗುವುದನ್ನು ತೋರಿಸಿದರು. ಆರಿಸಿ ಬಂದವರೆಲ್ಲ ಓ ಎಂದು ಬೆರಗುಪಟ್ಟರು. ನಾನು ಪಡಲಿಲ್ಲ. ನನಗೆ ಅದು ಗೊತ್ತಿತ್ತು.

ಹತ್ತನೇ ತರಗತಿಯಲ್ಲಿ ನನಗೊಂದು ಗೌರವ ಸಿಕ್ಕಿತು. ಮನೆ ನೋಡಲು ಹೋಗುವಾಗ ಒಳ್ಳೆಯ ಅಕ್ಷರದ ಒಬ್ಬ ಹುಡುಗಿಯನ್ನು ರಿಜಿಸ್ಟರು ಬರೆಯಲು ಕರೆದೊಯ್ಯುವುದು ಮೇಷ್ಟ್ರಿಗೆ ಕಣ್ಣಿನ ತೊಂದರೆ ಬಂದ ಮೇಲೆ ಹುಟ್ಟಿದ ಪರಂಪರೆ. ಆ ವರ್ಷ ನನ್ನನ್ನು ಆರಿಸಿದರು. ಕೆಂಪು ರಟ್ಟಿನ ಅದೇ ಪುಸ್ತಕ. ಆಟೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಹಾಳೆಗಳನ್ನು ತಿರುಗಿಸಿದೆ. ನನ್ನ ಹೆಸರಿನ ಮುಂದೆ: ಓದುವ ಮೇಜು ಇದೆ, ಬಹುಕಾಲದ ಬಳಕೆಯ ಗುರುತುಗಳಿವೆ, ಊಟವೂ ಅಲ್ಲಿಯೇ, ವಾತಾವರಣ ಉತ್ತಮ. ಅಪ್ಪನ ಅಂದಾಜು ಅಕ್ಷರಶಃ ಸರಿಯಾಗಿತ್ತು. ಅದರ ಕೆಳಗಿನ ಸಾಲಿನಲ್ಲಿ: ಮೇಜು ಇಲ್ಲ, ಪುಸ್ತಕಗಳನ್ನು ಹೊರಗೆ ಕೊಟ್ಟಿರುತ್ತಾರೆ, ಶಿಫಾರಸು ಇಲ್ಲ. ಲಿಖಿತ ಪರೀಕ್ಷೆಯ ಅಂಕ ಎಡಗಡೆಯ ಕಾಲಮಿನಲ್ಲಿತ್ತು. ಅವಳದು ನನ್ನದಕ್ಕಿಂತ ಹೆಚ್ಚು.

ಆ ದಿನ ಜೆ.ಪಿ. ನಗರದಿಂದ ಸುದ್ದಗುಂಟೆಪಾಳ್ಯದವರೆಗೆ ಆರು ಮನೆ ನೋಡಿದೆವು. ನಾಲ್ಕರಲ್ಲಿ ಉಪ್ಪಿಟ್ಟಿನ ವಾಸನೆ. ಒಂದು ಕಡೆ ಮೇಜು ಎಷ್ಟು ಎತ್ತರವಿತ್ತೆಂದರೆ ಕೂತ ಹುಡುಗಿಯ ಗಲ್ಲ ಮಾತ್ರ ಅದರ ಮೇಲಿತ್ತು. ಇನ್ನೊಂದು ಕಡೆ ಮೇಜಿನ ಅಡಿಯಲ್ಲಿ ಯಾವುದೋ ಕ್ಲಿನಿಕ್ಕಿನ ಚೀಟಿ ಅಂಟಿತ್ತು. ಎರವಲು ಮೇಜನ್ನು ನಾನು ಬಾಗಿಲಿನಿಂದಲೇ ಗುರುತಿಸುತ್ತಿದ್ದೆ. ಹಿರಿಯ ಮೇಡಂ ಇಷ್ಟು ವರ್ಷ ನೋಡಿಯೂ ಗುರುತಿಸಿರಲಿಲ್ಲ, ಅಥವಾ ಮೇಜು ಎರವಲು ತರಬಲ್ಲ ಮನೆಗಳೇ ಅವರಿಗೆ ಬೇಕಾಗಿದ್ದವು. ಸುದ್ದಗುಂಟೆಪಾಳ್ಯದ ಕೊನೆಯ ಮನೆಯಲ್ಲಿ ಮೇಜಿರಲಿಲ್ಲ. ಹುಡುಗಿ ಅಕ್ಕಿಯ ಡಬ್ಬದ ಮೇಲೆ ನೋಟ್‌ಬುಕ್ ಇಟ್ಟು ಬರೆಯುವುದನ್ನು ತೋರಿಸಿದಳು, ನಾಚಿಕೆಯಿಲ್ಲದೆ. "ಬರ್ಕೋಮ್ಮ," ಎಂದರು ಮೇಡಂ. "ಮೇಜು ಇಲ್ಲ." ನಾನು ಬರೆದೆ. ಅಕ್ಷರ ಮುತ್ತಿನ ಹಾಗಿದೆ ಎಂದು ಆಟೋದಲ್ಲಿ ನನ್ನನ್ನು ಹೊಗಳಿದರು.

ಈಗ ಶಾಲೆಯವರು ಸ್ಮರಣ ಸಂಚಿಕೆಗೆ ಬರಹ ಕೇಳಿದ್ದಾರೆ. ಶಾಲೆ ನಿಮ್ಮನ್ನು ಹೇಗೆ ರೂಪಿಸಿತು, ಒಂದು ಪುಟ. ಅವರಿಗೆ ಮೂರು ಸಾಲು ಕಳಿಸಿದ್ದೇನೆ, ಅವರು ಸಂತೋಷಪಟ್ಟಿದ್ದಾರೆ. ಶಾಲೆ ನನ್ನನ್ನು ರೂಪಿಸಿದ್ದು ನಿಜ, ಆದರೆ ಅದು ಶಾಲೆಗೆ ಕಾಲಿಡುವ ಮೊದಲೇ, ಆ ಶನಿವಾರದ ಸಂಜೆಯೇ ಮುಗಿದಿತ್ತು. ಅದನ್ನು ಇಲ್ಲಿಯವರೆಗೆ ಬರೆಯದೆ ದಾಟಿಕೊಂಡು ಬಂದಿದ್ದೇನೆ.

ಆಟೋ ಹೋದ ಮೇಲೆ ನಾನು ಲೇಬಲ್ಲುಗಳನ್ನು ಕಿತ್ತೆ. ಅಪ್ಪ ಮೇಜಿನ ಒಂದು ಬದಿ ಹಿಡಿದ, ನಾನು ಇನ್ನೊಂದು. ಹಿಂದಿನ ಮನೆಯ ಬಾಗಿಲಲ್ಲಿಟ್ಟು ಅಪ್ಪ ಕೆಮ್ಮಿದ, "ಅವರು ಹಿಂಗ್ ಇವತ್ತೇ ಬರ್ತಾರೆ ಅಂತ ಯಾರಿಗ್ ಗೊತ್ತಿತ್ತಮ್ಮ," ಎಂದು ಹೇಳಿ ಹೊರಟುಹೋದ. ಮಂಗಳಮ್ಮ "ಇರ್ಲಿ ಬಿಡಿ" ಎಂದರು. ಸುಜಾತ, ನಾನು ಸೇರಿ ಮೇಜನ್ನು ಒಳಗೆ ತಂದೆವು. ಅವಳು ಬಗ್ಗಿ ನೋಡುತ್ತ ನಾಲ್ಕು ಕಾಲುಗಳನ್ನೂ ನೆಲದ ನಾಲ್ಕು ಗುರುತುಗಳ ಮೇಲೆ ಸರಿಯಾಗಿ ಕೂರಿಸಿದಳು. ಆಮೇಲೆ ಹಲಗೆಯ ಮೇಲೆ ಕೈಯಾಡಿಸಿ ನಿಂತಳು.

"ಏನೇ ಇದು, ಹಳದಿ?"

ಮಂಗಳಮ್ಮ ಬಟ್ಟೆಗೆ ಸೋಪಿನ ನೀರು ಅದ್ದಿ ಬಂದು ಉಜ್ಜಿದರು. ಉಜ್ಜಿದಲ್ಲೆಲ್ಲ ಹಳದಿ ಕೆಂಪಾಯಿತು. ಮತ್ತೆ ಉಜ್ಜಿದರು, ಇನ್ನಷ್ಟು ಕೆಂಪಾಗಿ ಹರಡಿತು, ಶಾಯಿಯ ಕಲೆಗಳನ್ನೂ ಮೊಣಕೈಯ ಎರಡು ಜಾಗಗಳನ್ನೂ ದಾಟಿ. ಆಗ ಅವರ ಕೈ ನಿಂತಿತು. ಅರಿಶಿನ ಸೋಪಿಗೆ ಕೆಂಪಾಗುತ್ತದೆಂದು ಬಟ್ಟೆ ಒಗೆಯುವ ಯಾವ ಹೆಂಗಸಿಗೂ ಯಾವ ಶಾಲೆಯೂ ಹೇಳಿಕೊಡಬೇಕಾಗಿಲ್ಲ. ಅವರು ಕೊಟ್ಟಿಗೆಯ ಕಡೆಗೆ ಒಮ್ಮೆ ನೋಡಿದರು. ನನ್ನನ್ನು ನೋಡಲಿಲ್ಲ. ಸುಜಾತಳಿಗೆ ಮಾತ್ರ ಇನ್ನೂ ಅರ್ಥವಾಗಿರಲಿಲ್ಲ.

"ಹೇಳೇ," ಅಂದಳು ನನ್ನ ತೋಳು ಹಿಡಿದು. "ಏನ್ ಹಾಕಿದ್ರಿ ಇದರ ಮೇಲೆ?"

ನಾನು ಪುಸ್ತಕಗಳನ್ನು ಅವಳ ಕೈಗೆ ಕೊಟ್ಟೆ.

"ಧೂಳಿತ್ತು," ಅಂದೆ.